ಹಳೆ ಆಕ್ಟೇವಿಯಾ ಆರ್‌ಎಸ್ 1.8 ಟರ್ಬೊ: ನಿಂತಲ್ಲಿ ಅದುರುತ್ತೆ, ಕಾಲು ತೆಗೆದರೆ ಸೈಲೆನ್ಸರ್‌ನಲ್ಲಿ ಢಬ್! 41 ಸಾವಿರ ಖರ್ಚಾಯ್ತು, ರೋಗ ಹಾಗೇ ಇದೆ

ತೀರ್ಥಹಳ್ಳಿ ಟರ್ಬೊ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ಬೇಜಾರು ಮಾಡಿಕೊಳ್ಳದೆ ಓದಿ. ತಲೆ ಕೆಟ್ಟು ಹೋಗಿದೆ.

ನನ್ನದು 2005ರ ಆಕ್ಟೇವಿಯಾ ಆರ್‌ಎಸ್. 1.8 ಟರ್ಬೊ ಪೆಟ್ರೋಲ್, 20 ವಾಲ್ವಿನ ಎಂಜಿನ್, 150 ಎಚ್‌ಪಿ. ನಾನು ಮೂರನೇ ಓನರ್. ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ತೆಗೆದುಕೊಂಡೆ. ಮೀಟರ್‌ನಲ್ಲಿ 1.32 ಲಕ್ಷ ಕಿ.ಮೀ. ಇದೆ, ಅದನ್ನು ನಂಬಬೇಕೋ ಬಿಡಬೇಕೋ ಗೊತ್ತಿಲ್ಲ. ತಂದಾಗಿನಿಂದ ಚೆನ್ನಾಗಿಯೇ ಓಡುತ್ತಿತ್ತು.

ಮೂರು ತಿಂಗಳಿಂದ ಈ ಕಾಟ ಶುರುವಾಗಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೊದಲ ಒಂದೆರಡು ನಿಮಿಷ ಏನೂ ಇಲ್ಲ. ಬಿಸಿಯಾಗುತ್ತಾ ಬಂದ ಹಾಗೆ ಅದುರಲು ಶುರು, ಡ್ಯಾಶ್‌ಬೋರ್ಡ್ ಮೇಲಿನ ಗಣಪತಿ ತಲೆ ಆಡಿಸುತ್ತಾನೆ, ಆರ್‌ಪಿಎಂ ಮುಳ್ಳು 700ಕ್ಕೂ 1000ಕ್ಕೂ ಮಧ್ಯೆ ಓಡಾಡುತ್ತದೆ. ರೋಡಿನಲ್ಲಿ ನಿಧಾನಕ್ಕೆ ಹೋದರೆ ಪರವಾಗಿಲ್ಲ. ಎರಡೂವರೆ ಮೂರು ಸಾವಿರ ಆರ್‌ಪಿಎಂನಲ್ಲಿ ಜೋರಾಗಿ ಒತ್ತಿದರೆ, ಅಂದರೆ ಟರ್ಬೊ ಎಳೆಯಬೇಕಾದ ಜಾಗದಲ್ಲೇ, ಗಂಟಲಿಗೆ ಏನೋ ಸಿಕ್ಕಿಕೊಂಡ ಹಾಗೆ ಕೆಮ್ಮಿ ಕೆಮ್ಮಿ ಎಳೆಯುತ್ತದೆ. ಆಮೇಲೆ ಗೇರ್ ಬದಲಿಸಲು ಕಾಲು ತೆಗೆದರೆ ಹಿಂದೆ ಢಬ್.

ಹೋದ ವಾರ ಉಡುಪಿಯಿಂದ ವಾಪಸ್ ಬರುವಾಗ ಆಗುಂಬೆ ಘಾಟಿಯಲ್ಲಿ ಏಳನೇ ತಿರುವಿನಲ್ಲಿ ಎಂಥಾ ಸದ್ದು ಬಂತು ಅಂದರೆ ಕಟ್ಟೆ ಮೇಲೆ ಕೂತಿದ್ದ ಕೋತಿಗಳೆಲ್ಲ ಒಟ್ಟಿಗೆ ಮರ ಹತ್ತಿದವು. ಹಿಂದಿನ ಸೀಟಿನಲ್ಲಿದ್ದ ನಮ್ಮ ಅತ್ತೆ ಟಯರ್ ಒಡೆಯಿತು ಅಂತಲೇ ಇನ್ನೂ ನಂಬಿದ್ದಾರೆ. ಚೆಕ್ ಎಂಜಿನ್ ದೀಪ ಮಿಣಮಿಣ ಅಂತ ಮಿಂಚುತ್ತಿತ್ತು. ಉಳಿದ ಏಳು ತಿರುವನ್ನು ಎರಡನೇ ಗೇರಿನಲ್ಲಿ ಉಸಿರು ಬಿಗಿ ಹಿಡಿದು ಹತ್ತಿಸಿದೆ.

ಇಲ್ಲಿವರೆಗೆ ಗ್ಯಾರೇಜಿನಲ್ಲಿ ಆಗಿದ್ದು: ನಾಲ್ಕೂ ಪ್ಲಗ್ ಹೊಸದು, 2ನೇ ಸಿಲಿಂಡರಿನ ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ಹೊಸದು, ಫ್ಯುಯೆಲ್ ಫಿಲ್ಟರ್, ಆಮೇಲೆ ಫ್ಯುಯೆಲ್ ಪಂಪ್, ಅದಾದ ಮೇಲೆ ಏರ್ ಫ್ಲೋ ಸೆನ್ಸರ್. ಒಟ್ಟು 41 ಸಾವಿರ ಚಿಲ್ಲರೆ. ಪ್ರತಿ ಸಲ "ಈಗ ಸರಿಹೋಯ್ತು ಸರ್" ಅಂತ ಕೊಡುತ್ತಾರೆ, ಎರಡು ದಿನಕ್ಕೆ ಅದೇ ರಾಗ. ಈಗ ಟರ್ಬೊನೇ ಹೋಗಿದೆ, 60 ಸಾವಿರ ಆಗುತ್ತೆ ಅನ್ನುತ್ತಿದ್ದಾರೆ. ಮನೆಯಲ್ಲಿ ಕಾರು ಮಾರಿ ಅಂತ ಒತ್ತಾಯ. ಟರ್ಬೊ ಹಾಕಿಸಲಾ? ಅಥವಾ ಬೇರೆ ಏನಾದರೂ ನೋಡಬೇಕಾ?


ಅಪ್ಪನ ಫಿಯೆಟ್

ನಮ್ಮ ಅಪ್ಪನ ಪದ್ಮಿನಿ ಕೂಡ ಹೀಗೇ ಢಬ್ ಅನ್ನುತ್ತಿತ್ತು. ಪಾಯಿಂಟ್ ಉಜ್ಜಿ, ಕಾರ್ಬುರೇಟರ್ ಊದಿದರೆ ಸರಿಹೋಗುತ್ತಿತ್ತು. ನಿಮ್ಮದರಲ್ಲಿ ಉಜ್ಜಲು ಊದಲು ಏನೂ ಇಲ್ಲವಲ್ಲ ಪಾಪ. ಕೋತಿಗಳ ವಿಷಯ ಓದಿ ನಕ್ಕಿದ್ದಕ್ಕೆ ಕ್ಷಮೆ ಇರಲಿ.


ಹುಬ್ಬಳ್ಳಿ ಎಕ್ಸ್‌ಪ್ರೆಸ್

ನೋಡ್ರಿ, ಇದಕ್ಕೆಲ್ಲ ಒಂದೇ ಕಾರಣ, ಈ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಅಲ್ವಾ ಅದನ್ನು ಬಿಡುಗಡೆ ಮಾಡಿದ್ದು? ಈಗ ಎಲ್ಲ ಬಂಕಿನಲ್ಲೂ ಅದೇ. ಇಪ್ಪತ್ತು ವರ್ಷದ ಹಿಂದಿನ ಗಾಡಿಗೆ ಅದು ಹೊಂದುತ್ತದೇನ್ರಿ? ನನ್ನ ಗೆಳೆಯನ ಹಳೆ ಕಾರು ಕೂಡ ಹೀಗೇ ಕೆಮ್ಮುತ್ತಿತ್ತು. ಒಂದು ಟ್ಯಾಂಕ್ ದುಬಾರಿ ಪ್ರೀಮಿಯಂ ಪೆಟ್ರೋಲ್ ಹಾಕಿಸಿ ನೋಡ್ರಿ.


ಗ್ರೀಸ್ ಕೈ

ಮೊದಲನೆಯದಾಗಿ ಟರ್ಬೊ ಬಿಚ್ಚಲು ಬಿಡಬೇಡಿ ಮಾರಾಯ್ರೆ. ನಾನು ಮಂಗಳೂರಿನಲ್ಲಿ ಇದೇ ಕೆಲಸದಲ್ಲಿ 22 ವರ್ಷದಿಂದ ಇದ್ದೇನೆ, ಈ 1.8 ಎಂಜಿನ್ ಕೈಯಲ್ಲಿ ಸಾಕಷ್ಟು ಹೋಗಿದೆ. ಟರ್ಬೊ ಸತ್ತರೆ ನೀಲಿ ಹೊಗೆ ಬರುತ್ತದೆ, ಪೈಪಿನೊಳಗೆ ಎಣ್ಣೆ ನಿಲ್ಲುತ್ತದೆ, ಆಂಬುಲೆನ್ಸ್ ಸೈರನ್ ಹಾಗೆ ಕೂಗುತ್ತದೆ, ಇಲ್ಲ ಅಂದರೆ ಸುಮ್ನೆ ಎಳೆಯುವುದಿಲ್ಲ. ನಿಂತಲ್ಲಿ ಅದುರುವುದು, ಮುಳ್ಳು ಓಡಾಡುವುದು ಟರ್ಬೊ ಲಕ್ಷಣ ಅಲ್ಲ. ಐಡ್ಲಿಂಗ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ, ಟರ್ಬೊಗೆ ಕೆಲಸವೇ ಇಲ್ಲ.

ಈ20 ಬಗ್ಗೆ: ಪೂರ್ತಿ ಸುಳ್ಳಲ್ಲ, ಆದರೆ ಎಲ್ಲದಕ್ಕೂ ಅದನ್ನೇ ಬೈಯುವುದು ಈಗ ಫ್ಯಾಷನ್ ಆಗಿದೆ. ಬರೀ ಪೆಟ್ರೋಲ್ ಸರಿಯಾಗಿ ಉರಿಯಲು ಒಂದು ಕೆಜಿಗೆ 14.7 ಕೆಜಿ ಗಾಳಿ ಬೇಕು, ಈ20ಗೆ ಸುಮಾರು 13.5 ಸಾಕು. ಮೊದಲಿನ ಈ10ಗೆ ಹೋಲಿಸಿದರೆ ಶೇ. 4ರಷ್ಟು ಜಾಸ್ತಿ ಪೆಟ್ರೋಲ್ ಕೊಡಬೇಕು, ಅಷ್ಟೇ. ಅಷ್ಟನ್ನು ಕಾರಿನ ಕಂಪ್ಯೂಟರ್ ತಾನೇ ಸರಿಮಾಡಿಕೊಳ್ಳುತ್ತದೆ. ಎಥನಾಲ್ ನೀರು ಹೀರುತ್ತದೆ, ಹಳೆ ರಬ್ಬರ್ ತಿನ್ನುತ್ತದೆ, ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಗೆ ತೊಂದರೆ, ಅದು ಬೇರೆ ಮಾತು. ಇವರ ಗಾಡಿ ದಿನಾ ಓಡುತ್ತಿದೆ ಅಲ್ವಾ? ಪ್ರೀಮಿಯಂ ಪೆಟ್ರೋಲಿನಿಂದ ಈ ರೋಗ ವಾಸಿಯಾಗಲ್ಲ.

ತೀರ್ಥಹಳ್ಳಿಯವರೇ, ನನಗೆ ನಾಲ್ಕು ಉತ್ತರ ಬೇಕು.

ಸದ್ದು ಹಿಂದೆ ಸೈಲೆನ್ಸರ್‌ನಲ್ಲೋ, ಮುಂದೆ ಬಾನೆಟ್ ಒಳಗೋ? ಇದು ಮುಖ್ಯ. ಮುಂದೆ ಏರ್ ಫಿಲ್ಟರ್ ಕಡೆಗೆ ಹೊಡೆದರೆ ಗಾಳಿ-ಪೆಟ್ರೋಲ್ ಮಿಶ್ರಣ ತೀರಾ ತೆಳು (ಪೆಟ್ರೋಲ್ ಕಡಿಮೆ), ಅಥವಾ ವಾಲ್ವ್ ತೆರೆಯುವ ಟೈಮಿಂಗ್ ಜಾರಿದೆ, ಅಥವಾ ವಾಲ್ವ್ ಮುಚ್ಚುತ್ತಿಲ್ಲ. ಹಿಂದೆ ಹೊಡೆದರೆ ಉರಿಯದ ಪೆಟ್ರೋಲ್ ಸೈಲೆನ್ಸರಿಗೆ ಹೋಗಿ ಅಲ್ಲಿನ ಬಿಸಿಗೆ ಹೊತ್ತಿಕೊಳ್ಳುತ್ತಿದೆ.

ಸ್ಕ್ಯಾನರ್‌ನಲ್ಲಿ ಬಂದ ಎಲ್ಲ ಕೋಡ್ ಹಾಕಿ. ಎಲ್ಲ ಅಂದರೆ ಎಲ್ಲ. ಅರ್ಥ ಆಗದವನ್ನೂ ಹಾಕಿ.

ಕಾಯಿಲ್ ಅದಲು ಬದಲು ಮಾಡಿ ನೋಡಿದ್ದಾರಾ, ಅಥವಾ ಸೀದಾ ಹೊಸದು ಹಾಕಿದರಾ?

ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗೆ ಗಾಳಿ ಎಷ್ಟು ಒತ್ತಡಕ್ಕೆ ಅದುಮುತ್ತದೆ ಅಂತ, ನೋಡಿದ್ದಾರಾ? ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು?

ಇನ್ನೊಂದು. ದೀಪ ಮಿಂಚುವಾಗ ಓಡಿಸಬೇಡಿ. ಸುಮ್ಮನೆ ಉರಿದರೆ ಗ್ಯಾರೇಜಿಗೆ ಹೋಗುವಷ್ಟು ಸಮಯ ಇದೆ ಅಂತ. ಮಿಂಚಿದರೆ ಈಗಲೇ ಮಿಸ್ಸಿಂಗ್ ಆಗುತ್ತಿದೆ, ಅಂದರೆ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ, ಹಸಿ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗುತ್ತಿದೆ ಅಂತ. ರಾತ್ರಿ ಅದರ ಕೆಳಗೆ ಬಗ್ಗಿ ನೋಡಿದರೆ ಕೆಂಡದ ಹಾಗೆ ಕೆಂಪಗಿರುತ್ತದೆ. ಒಳಗಿನ ಜೇನುಗೂಡು ಕರಗಿ ಕಟ್ಟಿಕೊಂಡರೆ ಆಮೇಲೆ ನಿಜವಾಗಿಯೂ ಗಾಡಿ ಎಳೆಯಲ್ಲ. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ, ಪೆಟ್ರೋಲ್ ವಾಸನೆ ಇದ್ದರೆ ಆಯಿಲ್ ಕೂಡ ಬದಲಿಸಬೇಕು.


ತೀರ್ಥಹಳ್ಳಿ ಟರ್ಬೊ

ಅಣ್ಣ, ತುಂಬಾ ಥ್ಯಾಂಕ್ಸ್. ಸದ್ದು ಹಿಂದೆಯೇ, ಅನುಮಾನ ಇಲ್ಲ. ಸೈಲೆನ್ಸರ್ ಬಾಯಿಗೆ ಬೆರಳು ಹಾಕಿದರೆ ಕಾಡಿಗೆ ಥರ ಕಪ್ಪು ಮಸಿ.

ಗ್ಯಾರೇಜ್ ಚೀಟಿಯಲ್ಲಿ ಪಿ0302 ಅಂತ ಒಂದೇ ಬರೆದಿದ್ದರು. ನೀವು ಹೇಳಿದ ಮೇಲೆ ಪಕ್ಕದ ಮನೆ ಹುಡುಗನ ಬ್ಲೂಟೂತ್ ಸ್ಕ್ಯಾನರ್ ತಂದು ಹಾಕಿದೆ. ನಾಲ್ಕು ಬಂತು: ಪಿ0300, ಪಿ0302, ಪಿ1136, ಪಿ1127. ಕೊನೆಯ ಎರಡಕ್ಕೆ ಮೊಬೈಲಿನಲ್ಲಿ ಏನೂ ವಿವರಣೆ ಇಲ್ಲ, ಕಂಪನಿ ಕೋಡ್ ಅಂತಷ್ಟೇ ತೋರಿಸುತ್ತದೆ. ಗ್ಯಾರೇಜಿಗೆ ಫೋನ್ ಮಾಡಿ ಕೇಳಿದರೆ "ಅದು ಲೆಕ್ಕಕ್ಕಿಲ್ಲ ಸರ್, ಎಲ್ಲ ಗಾಡಿಲೂ ಬರುತ್ತೆ" ಅಂದರು.

ಕಾಯಿಲ್ ಅದಲು ಬದಲು ಮಾಡಿರಲಿಲ್ಲ, ಸೀದಾ ಹೊಸದು. ಕಂಪ್ರೆಶನ್ ಇವತ್ತು ಬೇರೆ ಕಡೆ ನೋಡಿಸಿದೆ: 10.5, 10.5, 10, 11 ಬಾರ್. ಬೆಲ್ಟ್ ಯಾವಾಗ ಹಾಕಿದ್ದೋ ನನಗೆ ಗೊತ್ತಿಲ್ಲ. ಕಂಪ್ರೆಶನ್ ನೋಡಿದವರು ಕವರ್ ತೆಗೆದು ಮಾರ್ಕ್ ಕೂತಿದೆ, ಜಾರಿಲ್ಲ ಅಂದರು. ಡಿಪ್‌ಸ್ಟಿಕ್‌ನಲ್ಲಿ ಸ್ವಲ್ಪ ಪೆಟ್ರೋಲ್ ವಾಸನೆ ಇದೆ. ಗಾಡಿ ನಿಲ್ಲಿಸಿದ್ದೇನೆ.


ಗ್ರೀಸ್ ಕೈ

ಪಿ0302 ಅಂದರೆ 2ನೇ ಸಿಲಿಂಡರಿನಲ್ಲಿ ಮಿಸ್ಸಿಂಗ್, ಪಿ0300 ಅಂದರೆ ಬೇರೆ ಬೇರೆ ಸಿಲಿಂಡರಿನಲ್ಲಿ ಮಿಸ್ಸಿಂಗ್. ಆದರೆ ಲೆಕ್ಕಕ್ಕಿಲ್ಲ ಅಂದ ಆ ಎರಡು ಕೋಡೇ ನಿಮ್ಮ ಜಾತಕ.

ಪಿ1136 ಅಂದರೆ ಐಡ್ಲಿಂಗ್‌ನಲ್ಲಿ ಮಿಶ್ರಣ ತೆಳು, ಕಂಪ್ಯೂಟರ್ ಪೆಟ್ರೋಲ್ ಸೇರಿಸಿ ಸೇರಿಸಿ ಸುಸ್ತಾಗಿದೆ. ಪಿ1127 ಅಂದರೆ ಓಡುವಾಗ ಮಿಶ್ರಣ ದಪ್ಪ, ಪೆಟ್ರೋಲ್ ಕಡಿಮೆ ಮಾಡಿ ಮಾಡಿ ಸುಸ್ತಾಗಿದೆ. ಒಂದೇ ಗಾಡಿ, ಒಂದು ಕಡೆ ತೆಳು, ಇನ್ನೊಂದು ಕಡೆ ದಪ್ಪ. ನಿಮ್ಮ ಗ್ಯಾರೇಜಿನವರು ತೆಳುವಿಗೆ ಪಂಪ್ ಬದಲಿಸಿದರು, ದಪ್ಪಕ್ಕೆ ಏರ್ ಫ್ಲೋ ಸೆನ್ಸರ್ ಬದಲಿಸಿದರು ಅಂತ ಕಾಣುತ್ತದೆ. ಎರಡು ರೋಗ ಅಂದುಕೊಂಡರು. ನನ್ನ ಅಂದಾಜಿನಲ್ಲಿ ಇದು ಒಂದೇ ತೂತು.

ಹೇಗೆ ಅಂತ ಹೇಳುತ್ತೇನೆ. ಈ ಎಂಜಿನ್‌ನಲ್ಲಿ ಏರ್ ಫಿಲ್ಟರ್ ಪಕ್ಕದಲ್ಲಿ ಏರ್ ಫ್ಲೋ ಸೆನ್ಸರ್ ಇದೆ. ಅಲ್ಲಿ ಗಾಳಿ ಅಳೆದು ಅದರ ಲೆಕ್ಕಕ್ಕೆ ಪೆಟ್ರೋಲ್ ಕೊಡುತ್ತದೆ. ಅಳೆದ ಗಾಳಿ ಟರ್ಬೊ, ಪೈಪು, ಗಾಳಿ ತಣಿಸುವ ಇಂಟರ್‌ಕೂಲರ್, ಮತ್ತೆ ಪೈಪು, ಕಾಲು ಒತ್ತಿದಾಗ ತೆರೆಯುವ ಥ್ರಾಟಲ್ ಅಂತ ಇಷ್ಟುದ್ದ ಸುತ್ತಿ ಎಂಜಿನ್ನಿಗೆ ಬರಬೇಕು. ಹಾಲಿನ ಡೈರಿಯಲ್ಲಿ ಅಳೆದು ಪುಸ್ತಕದಲ್ಲಿ 10 ಲೀಟರ್ ಅಂತ ಬರೆದುಕೊಂಡ ಮೇಲೆ ಕ್ಯಾನ್ ತೂತಾಗಿದ್ದರೆ? ಪುಸ್ತಕದಲ್ಲಿ 10, ಕ್ಯಾನಿನಲ್ಲಿ 8. ಟರ್ಬೊ ಒತ್ತಡ ಕಟ್ಟಿದಾಗ ಹೀಗೇ ಗಾಳಿ ತೂತಿನಿಂದ ಹೊರಗೆ ಹೋಗುತ್ತದೆ, ಪೆಟ್ರೋಲ್ ಮಾತ್ರ 10ರ ಲೆಕ್ಕದಲ್ಲಿ ಬೀಳುತ್ತದೆ. ದಪ್ಪ ಆಯ್ತು, ಕಪ್ಪು ಮಸಿ ಬಂತು, ಕೆಮ್ಮು ಬಂತು.

ಅದೇ ತೂತು ಥ್ರಾಟಲ್ ದಾಟಿದ ಮೇಲೆ ಸಿಲಿಂಡರುಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್ ಕಡೆ ಇದ್ದರೆ ಐಡ್ಲಿಂಗ್‌ನಲ್ಲಿ ಉಲ್ಟಾ. ಆಗ ಅಲ್ಲಿ ವ್ಯಾಕ್ಯೂಮ್. ಲೆಕ್ಕಕ್ಕೆ ಸಿಗದ ಗಾಳಿ ಹೊರಗಿನಿಂದ ಒಳಗೆ ನುಗ್ಗುತ್ತದೆ. ತೆಳು ಆಯ್ತು, ಅದುರಿತು. ಬೆಳಿಗ್ಗೆ ಮೊದಲ ಎರಡು ನಿಮಿಷ ಯಾಕೆ ಸರಿ ಇರುತ್ತದೆ ಅಂದರೆ ತಣ್ಣಗಿರುವಾಗ ಕಂಪ್ಯೂಟರ್ ಹೇಗೂ ಪೆಟ್ರೋಲ್ ಜಾಸ್ತಿ ಕೊಡುತ್ತಿರುತ್ತದೆ, ತೂತಿನ ಪರಿಣಾಮ ಮುಚ್ಚಿಹೋಗುತ್ತದೆ. ಬಿಸಿಯಾದ ಮೇಲೆ ಕೈ ಬಿಗಿ ಮಾಡಿದಾಗ ಬಯಲಿಗೆ ಬರುತ್ತದೆ.

ಇದಲ್ಲದೆ ಮಿಸ್ಸಿಂಗ್ ಒಂದು ಮೋಸ ಮಾಡುತ್ತದೆ. ಸಿಲಿಂಡರ್ ಉರಿಯದಿದ್ದರೆ ಅದರ ಪೆಟ್ರೋಲ್ ಜೊತೆ ಅದರ ಆಮ್ಲಜನಕವೂ ಹಾಗೇ ಹೊರಗೆ ಹೋಗುತ್ತದೆ ಅಲ್ವಾ? ಆಕ್ಸಿಜನ್ ಸೆನ್ಸರಿಗೆ ಪೆಟ್ರೋಲ್ ಕಾಣುವುದಿಲ್ಲ, ಆಮ್ಲಜನಕ ಮಾತ್ರ ಕಾಣುತ್ತದೆ. "ಅಯ್ಯೋ ತೆಳುವಾಯ್ತು" ಅಂತ ಇನ್ನಷ್ಟು ಪೆಟ್ರೋಲ್ ಹಾಕಿಸುತ್ತದೆ. ಅದಕ್ಕೇ ಬರೀ ಸೆನ್ಸರ್ ನಂಬಿ ರಿಪೇರಿ ಮಾಡಬಾರದು.

ಕಂಪ್ರೆಶನ್ ಚೆನ್ನಾಗಿದೆ. ನಾಲ್ಕರ ಮಧ್ಯೆ ಒಂದು ಬಾರ್ ವ್ಯತ್ಯಾಸ ಏನೂ ಅಲ್ಲ, 3 ಬಾರ್ ದಾಟಿದರೆ ಯೋಚನೆ ಮಾಡಬೇಕು. ಎಂಜಿನ್ ಗಟ್ಟಿ ಇದೆ, ಮಾರಬೇಡಿ.

ಈಗ ಮಾಡಬೇಕಾದ್ದು. ಪಿವಿಸಿ ಪೈಪಿನ ಎಂಡ್ ಕ್ಯಾಪ್ ಒಂದು ತನ್ನಿ, ಏರ್ ಫ್ಲೋ ಸೆನ್ಸರ್ ಆದ ಮೇಲೆ ಬರುವ ರಬ್ಬರ್ ಪೈಪಿಗೆ ಬಿಗಿಯಾಗಿ ಕೂರುವ ಅಳತೆ. ಪಂಕ್ಚರ್ ಅಂಗಡಿಯಲ್ಲಿ ಹಳೆ ಟ್ಯೂಬಿನ ವಾಲ್ವ್ ಕತ್ತರಿಸಿಕೊಂಡು ಕ್ಯಾಪಿನ ಮಧ್ಯೆ ತೂತು ಮಾಡಿ ಕೂರಿಸಿ. ಸೆನ್ಸರ್ ಬಿಚ್ಚಿ ಪಕ್ಕಕ್ಕಿಡಿ, ಪೈಪಿಗೆ ಕ್ಯಾಪ್ ಹಾಕಿ ಕ್ಲಿಪ್ ಬಿಗಿ ಮಾಡಿ. ಎಂಜಿನ್ ಆಫ್ ಇರಬೇಕು. ಕಂಪ್ರೆಸರಿನಿಂದ ನಿಧಾನಕ್ಕೆ ಗಾಳಿ ಬಿಡಿ. 7 ಪಿಎಸ್‌ಐ ಸಾಕು, 10 ದಾಟಬೇಡಿ. ಟಯರಿಗೆ ಹಾಕುವ ಹಾಗೆ 30 ಹಾಕಿದರೆ ಆಯಿಲ್ ಸೀಲ್ ಕಿತ್ತುಕೊಂಡು ಬರುತ್ತದೆ, ಯಾಕಂದರೆ ಎಂಜಿನ್ನಿನ ಎಣ್ಣೆ ಆವಿ ವಾಪಸ್ ಎಳೆಯುವ ಬ್ರೀದರ್ ಪೈಪಿನ ಮೂಲಕ ಕೆಳಗಿನ ಆಯಿಲ್ ಚೇಂಬರಿಗೂ ಅದೇ ಗಾಳಿ ಹೋಗುತ್ತದೆ. ಡಿಪ್‌ಸ್ಟಿಕ್ ಮೇಲೆ ಹಾರಿದರೆ ಜಾಸ್ತಿ ಆಯ್ತು ಅಂತ ತಿಳಿದುಕೊಳ್ಳಿ.

ಸೋಪಿನ ನೀರು ಸ್ಪ್ರೇ ಬಾಟಲಿಯಲ್ಲಿ ಹಾಕಿಕೊಂಡು ಎಲ್ಲ ಪೈಪು, ಕ್ಲಿಪ್ಪು, ಇಂಟರ್‌ಕೂಲರ್ ಮೂಲೆ ಎಲ್ಲಕ್ಕೂ ಹೊಡೆಯಿರಿ. ಸೈಲೆನ್ಸರ್‌ನಲ್ಲಿ ಸ್ವಲ್ಪ ಸುಯ್ ಅಂದರೆ ಚಿಂತೆ ಬೇಡ, ಯಾವುದೋ ವಾಲ್ವ್ ತೆರೆದಿರುತ್ತದೆ. ಇಂಟೇಕ್ ಮ್ಯಾನಿಫೋಲ್ಡ್ ಕೆಳಗೆ, ಅಂದರೆ ರೇಡಿಯೇಟರ್ ಕಡೆ, ಆಯಿಲ್ ಫಿಲ್ಟರ್ ಮೇಲ್ಗಡೆ ಬ್ರೀದರ್ ಹೋಸ್‌ಗಳ ಒಂದು ಗೋಜಲು ಇದೆ. ಕಣ್ಣಿಗೆ ಕಾಣಲ್ಲ, ಕೈ ಹಾಕಿ ತಡವಬೇಕು. ನನ್ನ ದುಡ್ಡು ಅದರ ಮೇಲೆ. ಎಣ್ಣೆ ಆವಿ ಕುಡಿದೂ ಕುಡಿದೂ ಅಲ್ಲಿನ ರಬ್ಬರ್ ಇಪ್ಪತ್ತು ವರ್ಷದಲ್ಲಿ ಸತ್ತಿರುತ್ತದೆ. ಇದು ಯಾರ ತಪ್ಪೂ ಅಲ್ಲ, ವಯಸ್ಸು.

ಯೂಟ್ಯೂಬ್ ನೋಡಿ ಎಂಜಿನ್ ಓಡುವಾಗ ಕಾರ್ಬ್ ಕ್ಲೀನರ್ ಹೊಡೆದು ತೂತು ಹುಡುಕುವ ಕೆಲಸ ಮಾಡಬೇಡಿ. ಹಿಂದೆಯೇ ಕಾದ ಟರ್ಬೊ ಇರುತ್ತದೆ. ನನ್ನ ಹುಡುಗನ ಹುಬ್ಬು ಸುಟ್ಟಿದ್ದು ಹಾಗೇ.


ಸೈಲೆಂಟ್ ಸಿಲಿಂಡರ್

ನನ್ನ ಹತ್ತಿರವೂ ಇದೇ ಕಾರಿದೆ, ಬೆಂಗಳೂರು. ಗ್ರೀಸ್ ಕೈ ಹೇಳಿದ್ದು ನೂರಕ್ಕೆ ನೂರು ಸರಿ, ಆದರೆ ನನಗೆ ಇನ್ನೊಂದು ಅನುಮಾನ. ಗೇರ್ ಬದಲಿಸಲು ಕಾಲು ತೆಗೆದಾಗ ಬಾನೆಟ್ ಒಳಗಿಂದ ಲಾರಿ ಬ್ರೇಕ್ ಹಾಗೆ "ಪ್ಶ್ಶ್" ಅಂತ ಸದ್ದು ಬರುತ್ತದಾ? ಬಂದರೆ ಹಿಂದಿನ ಓನರ್ ಕಂಪನಿ ವಾಲ್ವ್ ತೆಗೆದು ಶೋಕಿ ವಾಲ್ವ್ ಹಾಕಿಸಿದ್ದಾರೆ. ಬೆಂಗಳೂರಿನಲ್ಲಿ ಓಡಾಡಿದ ಆರ್‌ಎಸ್‌ಗಳಲ್ಲಿ ಇದು ಮಾಮೂಲು.

ಕಾಲು ತೆಗೆದಾಗ ಥ್ರಾಟಲ್ ಮುಚ್ಚುತ್ತದೆ, ಟರ್ಬೊ ತಳ್ಳಿದ ಗಾಳಿಗೆ ಹೋಗಲು ದಾರಿ ಇಲ್ಲ. ಕಂಪನಿ ವಾಲ್ವ್ ಆ ಗಾಳಿಯನ್ನು ವಾಪಸ್ ಟರ್ಬೊ ಬಾಯಿಗೇ ಬಿಡುತ್ತದೆ. ಶೋಕಿ ವಾಲ್ವ್ ಹೊರಗೆ ಬಿಡುತ್ತದೆ. ಆದರೆ ಅದು ಆಗಲೇ ಅಳೆದಾದ ಗಾಳಿ! ಗ್ರೀಸ್ ಕೈ ಅವರ ಹಾಲಿನ ಲೆಕ್ಕದಲ್ಲಿ ಹೇಳುವುದಾದರೆ ಪ್ರತಿ ಗೇರಿಗೂ ಅರ್ಧ ಕ್ಯಾನ್ ಚೆಲ್ಲಿದ ಹಾಗೆ. ಒಂದು ಕ್ಷಣ ಪೆಟ್ರೋಲ್ ಜಾಸ್ತಿ, ಅದು ಸೈಲೆನ್ಸರಿಗೆ, ಢಬ್. ಗಾಳಿಯನ್ನು ಒತ್ತಡದಿಂದ ಲೆಕ್ಕ ಹಾಕುವ ಕಾರುಗಳಿಗೆ ಇದರಿಂದ ಅಷ್ಟು ತೊಂದರೆ ಇಲ್ಲ, ನಮ್ಮಂಥ ಏರ್ ಫ್ಲೋ ಸೆನ್ಸರ್ ಕಾರಿಗೆ ಇದು ಆಗಲ್ಲ.

ಇನ್ನೊಂದು, ಪ್ಲಗ್ ಗ್ಯಾಪ್ ಅಳೆಯಿರಿ. ಹೊಸ ಪ್ಲಗ್ ಅಂದರೆ ಸರಿಯಾದ ಪ್ಲಗ್ ಅಂತ ಅಲ್ಲ. ಈ ಎಂಜಿನ್ನಿಗೆ 0.8 ಮಿ.ಮೀ. ಇರಬೇಕು. ಟರ್ಬೊ ಗಾಳಿ ತುರುಕಿದಾಗ ಕಿಡಿ ಆ ಸಂದಿ ದಾಟಲು ಜಾಸ್ತಿ ವೋಲ್ಟೇಜ್ ಬೇಕು. ಸಂದಿ ಅಗಲ ಇದ್ದರೆ ಐಡ್ಲಿಂಗ್‌ನಲ್ಲಿ ಚೆಂದ ಉರಿಯುತ್ತದೆ, ಎಳೆಯುವಾಗ ಕಿಡಿ ಆರಿಹೋಗುತ್ತದೆ. ಪಿ0302 ಬಗ್ಗೆ: 2ನೇ ಕಾಯಿಲನ್ನು 1ಕ್ಕೆ ಹಾಕಿ, 2ನೇ ಪ್ಲಗ್ಗನ್ನು 4ಕ್ಕೆ ಹಾಕಿ, ಓಡಿಸಿ. ಕೋಡ್ 1ಕ್ಕೆ ಹೋದರೆ ಕಾಯಿಲ್, 4ಕ್ಕೆ ಹೋದರೆ ಪ್ಲಗ್, 2ರಲ್ಲೇ ಕೂತರೆ ಎರಡೂ ಅಲ್ಲ. ಒಂದು ಪೈಸೆ ಖರ್ಚಿಲ್ಲ.


ಮೂರನೇ ಗೇರ್

ಯಾಕೆ ಇಷ್ಟು ತಲೆಬಿಸಿ? ರ‍್ಯಾಲಿ ಕಾರುಗಳು ಢಬ್ ಢಬ್ ಅಂತ ಬೆಂಕಿ ಉಗುಳೋದಿಲ್ವಾ? ಜನ ದುಡ್ಡು ಕೊಟ್ಟು ಆ ಸದ್ದು ಮಾಡಿಸಿಕೊಳ್ಳುತ್ತಾರೆ. ನಿಮಗೆ ಫ್ರೀಯಾಗಿ ಬಂದಿದೆ.


ಸೈಲೆಂಟ್ ಸಿಲಿಂಡರ್

90ರ ದಶಕದ ಇಂಪ್ರೆಜಾ, ಲ್ಯಾನ್ಸರ್ ಇವೊ ರ‍್ಯಾಲಿ ಕಾರುಗಳು ಬೇಕು ಅಂತಲೇ ಹಾಗೆ ಮಾಡುತ್ತಿದ್ದವು ಗುರು. ಕಾಲು ತೆಗೆದಾಗಲೂ ಟರ್ಬೊ ತಿರುಗುತ್ತಿರಲಿ ಅಂತ ಎಗ್ಸಾಸ್ಟ್‌ನಲ್ಲಿ ಪೆಟ್ರೋಲ್ ಉರಿಸುವ ವ್ಯವಸ್ಥೆ ಅದು. ಆ ಟೀಮುಗಳಿಗೆ ಟರ್ಬೊ ಬದಲಿಸಲು ಲಾರಿ ತುಂಬ ಸ್ಪೇರ್ ಇರುತ್ತಿತ್ತು. ಇವರು ಅತ್ತೆಯವರನ್ನು ಕರೆದುಕೊಂಡು ಉಡುಪಿಗೆ ಹೋಗಿ ಬರುವವರು.


ತೀರ್ಥಹಳ್ಳಿ ಟರ್ಬೊ

ಸಿಕ್ಕಿತು!!

ಐದು ದಿನ ಬಿಟ್ಟು ಬರೆಯುತ್ತಿದ್ದೇನೆ. ಭಾನುವಾರ ನಮ್ಮೂರ ಪಂಕ್ಚರ್ ಅಂಗಡಿಯವರನ್ನೇ ಕಂಪ್ರೆಸರ್ ಸಮೇತ ಮನೆಗೆ ಕರೆದೆ. ಪಿವಿಸಿ ಕ್ಯಾಪ್ ಹಾರ್ಡ್‌ವೇರ್ ಅಂಗಡಿಯಲ್ಲಿ ಮೂರು ಸಲ ಬದಲಿಸಿ ಕೊನೆಗೆ ಸೈಕಲ್ ಟ್ಯೂಬ್ ತುಂಡು ಸುತ್ತಿ ಕೂರಿಸಿದ್ದು. 5 ಪಿಎಸ್‌ಐ ಹೋಗುತ್ತಿದ್ದ ಹಾಗೆ ಎಂಜಿನ್ ಮುಂಭಾಗದಲ್ಲಿ ಕುಕ್ಕರ್ ವಿಷಲ್ ಬರುವ ಮುಂಚೆ ಸುಯ್ ಅನ್ನುತ್ತಲ್ಲ, ಅದೇ ಸದ್ದು. ಕಣ್ಣಿಗೆ ಏನೂ ಕಾಣಲಿಲ್ಲ. ಮ್ಯಾನಿಫೋಲ್ಡ್ ಕೆಳಗೆ ಮೊಣಕೈವರೆಗೆ ಕೈ ತೂರಿಸಿ ತಡವಿದೆ. ಒಂದು ಬಾಗಿದ ಹೋಸ್‌ನ ಕೆಳಮೈ ಮೆತ್ತಗೆ, ಜಿಡ್ಡು ಜಿಡ್ಡು. ಬೆರಳು ಇಟ್ಟರೆ ಗಾಳಿ ತಣ್ಣಗೆ ಹೊಡೆಯುತ್ತಿದೆ. ಸ್ವಲ್ಪ ಒತ್ತಿದೆ ಅಷ್ಟೇ, ಬೆರಳು ಒಳಗೇ ಹೋಯ್ತು. ಹೊರಗೆ ತೆಗೆದ ಮೇಲೆ ನೋಡಿದರೆ ಬಾಗಿದ ಜಾಗದಲ್ಲಿ ಎರಡು ಇಂಚು ಉದ್ದ ಸೀಳಿದೆ, ಮೇಲ್ಗಡೆ ಮಾತ್ರ ಹೊಸದರ ಹಾಗೆ ಹೊಳೆಯುತ್ತಿದೆ. ಅದಕ್ಕೇ ಯಾರಿಗೂ ಕಂಡಿಲ್ಲ. ಪಕ್ಕದಲ್ಲಿದ್ದ ಇನ್ನೊಂದು ಹೋಸ್ ತೆಗೆಯುವಾಗ ಹಪ್ಪಳದ ಹಾಗೆ ಮುರಿಯಿತು.

ಮತ್ತೆ ಹೌದು, ಪ್ಶ್ಶ್ ವಾಲ್ವ್ ಇದೆ. ನನಗೆ ಅದು ಕಂಪನಿಯದೇ ಸದ್ದು ಅಂದುಕೊಂಡಿದ್ದೆ, ನಾಚಿಕೆಯಾಗುತ್ತಿದೆ. ವಾಪಸ್ ಹೋಗಬೇಕಿದ್ದ ಪೈಪಿನ ಬಾಯಿಗೆ ಒಂದು ಹಳೆ ಬೋಲ್ಟ್ ತುರುಕಿ ಕ್ಲಿಪ್ ಬಿಗಿದಿದ್ದಾರೆ.

ಹೋಸ್ ಎರಡೂ, ಗಾಳಿಯನ್ನು ಒಂದೇ ಕಡೆಗೆ ಬಿಡುವ ಚೆಕ್ ವಾಲ್ವ್, ಕ್ಲಿಪ್ಪು ಎಲ್ಲ ಸೇರಿ 3,400 ರೂಪಾಯಿ. ಬೆಂಗಳೂರಿನ ಜೆ.ಸಿ. ರೋಡಿನಿಂದ ಬಸ್ಸಿಗೆ ಹಾಕಿಸಿಕೊಂಡೆ. ಹಾಕಿದ ಮೇಲೆ ಐಡ್ಲಿಂಗ್ ಎಷ್ಟು ನುಣುಪು ಅಂದರೆ ಗಣಪತಿ ತಲೆ ಆಡಿಸುತ್ತಿಲ್ಲ. ಆದರೆ ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದರೆ ಇನ್ನೂ ಒಂದೊಂದು ಸಲ ಮಿಸ್ ಹೊಡೆಯುತ್ತದೆ. ಕಾಲು ತೆಗೆದರೆ ಢಬ್ ಹೋಗಿ ಪಟ್ ಆಗಿದೆ.


ಗ್ರೀಸ್ ಕೈ

ಶಾಬಾಷ್. ಆ ಹೋಸ್ ಮ್ಯಾನಿಫೋಲ್ಡ್‌ಗೂ ಚೆಕ್ ವಾಲ್ವ್‌ಗೂ ಮಧ್ಯೆ ಇದ್ದದ್ದು ಅಲ್ವಾ? ಹಾಗಾಗಿಯೇ ಎರಡೂ ಕಡೆ ಸೋರಿದ್ದು. ಚೆಕ್ ವಾಲ್ವ್ ಆಚೆ ಹರಿದಿದ್ದರೆ ಐಡ್ಲಿಂಗ್ ಮಾತ್ರ ಕೆಡುತ್ತಿತ್ತು, ಟರ್ಬೊ ಒತ್ತಡ ಬಂದಾಗ ವಾಲ್ವ್ ಮುಚ್ಚಿಕೊಳ್ಳುತ್ತದೆ.

ಹಾಕಿದ್ದು ಎಣ್ಣೆ ತಡೆಯುವ ಹೋಸ್ ತಾನೇ? ಕೆಲವರು ರೇಡಿಯೇಟರ್ ನೀರಿನ ಹೋಸ್ ಕತ್ತರಿಸಿ ಹಾಕುತ್ತಾರೆ, ಒಂದು ವರ್ಷಕ್ಕೆ ಊದಿಕೊಂಡು ಲಡ್ಡಾಗುತ್ತದೆ. ಕೋಡ್ ಅಳಿಸಿ, ಹಳೆ ಲೆಕ್ಕ ಮರೆತು ಹೊಸದಾಗಿ ಕಲಿಯಲು ನೂರು ಕಿ.ಮೀ. ಓಡಿಸಿ, ಆಮೇಲೆ ಸ್ಕ್ಯಾನರ್‌ನಲ್ಲಿ ಫ್ಯುಯೆಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅಂತ, ನೋಡಿ. ಮೈನಸ್ ಪ್ಲಸ್ 5ರ ಒಳಗೆ ಬಂದರೆ ಖುಷಿ. ಆಯಿಲ್ ಮರೆಯಬೇಡಿ, ಪೆಟ್ರೋಲ್ ಸೇರಿದ ಆಯಿಲ್ ಟರ್ಬೊ ಬೇರಿಂಗಿಗೆ ಶತ್ರು. ಉಳಿದ ಆ ಮಿಸ್ಸಿಂಗ್, ಪಟ್ ಸದ್ದು ಎರಡಕ್ಕೂ ಸೈಲೆಂಟ್ ಸಿಲಿಂಡರ್ ಉತ್ತರ ಕೊಟ್ಟಾಗಿದೆ.


ಹುಬ್ಬಳ್ಳಿ ಎಕ್ಸ್‌ಪ್ರೆಸ್

ಆಯ್ತ್ರಿ, ಈ20 ಅಲ್ಲ ಅಂತ ಒಪ್ಪಿಕೊಂಡೆ. ಆದರೂ ಆ ರಬ್ಬರಿಗೆ ಎಥನಾಲ್ ಒಂಚೂರು ಕೈ ಹಚ್ಚಿರಬೇಕು!


ಗ್ರೀಸ್ ಕೈ

ಆ ಹೋಸ್‌ನಲ್ಲಿ ಪೆಟ್ರೋಲ್ ಹರಿಯುವುದೇ ಇಲ್ಲ ಸ್ವಾಮಿ. ಎಣ್ಣೆ ಆವಿ ಮಾತ್ರ. ಬಿಡಿ, ನಿಮಗೂ ಒಂದು ಪಾಯಿಂಟ್ ಕೊಡೋಣ, ಪೆಟ್ರೋಲ್ ಹೋಸ್‌ಗಳನ್ನೂ ಒಮ್ಮೆ ನೋಡಿಕೊಳ್ಳಲಿ.


ತೀರ್ಥಹಳ್ಳಿ ಟರ್ಬೊ

ಕೊನೆಯ ಸುದ್ದಿ.

ಪ್ಲಗ್ ಗ್ಯಾಪ್ ಅಳೆಯಲು ಫೀಲರ್ ಗೇಜ್ ತಂದೆ. ನಾಲ್ಕೂ 1.1 ಮಿ.ಮೀ.! ಡಬ್ಬಿಯಿಂದ ತೆಗೆದು ಹಾಗೇ ತಿರುಗಿಸಿ ಹಾಕಿದ್ದಾರೆ. ಇದು ಈ ಎಂಜಿನ್ನಿನ ಪ್ಲಗ್ಗೇ ಅಲ್ಲ. ಸರಿಯಾದ ನಂಬರಿನ ನಾಲ್ಕು ತರಿಸಿ, 0.8 ಇದೆ ಅಂತ ಅಳೆದು ಹಾಕಿದೆ. ಮೂರನೇ ಗೇರಿನ ಮಿಸ್ಸಿಂಗ್ ಮಾಯ.

ಪ್ಶ್ಶ್ ವಾಲ್ವ್ ಜಾಗಕ್ಕೆ ಕಂಪನಿ ಥರದ್ದು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಸೈಲೆಂಟ್ ಸಿಲಿಂಡರ್ ಮೆಸೇಜಿನಲ್ಲಿ ಹೇಳಿಕೊಟ್ಟ ಪರೀಕ್ಷೆ ಮಾಡಿಯೇ ತಂದಿದ್ದು: ಒಳಗಿನ ವಾಲ್ವನ್ನು ಬೆರಳಿನಿಂದ ಮೇಲಕ್ಕೆ ತಳ್ಳಿ, ಮೇಲಿನ ಚಿಕ್ಕ ನಳಿಗೆಯ ಬಾಯಿಯನ್ನು ಇನ್ನೊಂದು ಬೆರಳಿನಿಂದ ಮುಚ್ಚಿ, ಮೊದಲ ಬೆರಳು ತೆಗೆಯಬೇಕು. ವಾಲ್ವ್ ಮೇಲೆಯೇ ನಿಂತರೆ ಒಳಗಿನ ಪರದೆ ಗಟ್ಟಿ ಇದೆ. ಮೊದಲು ತೋರಿಸಿದ ಎರಡು ಟಪ್ ಅಂತ ಕೆಳಗೆ ಬಿದ್ದವು, ಮೂರನೆಯದು ನಿಂತಿತು. ಅಂಗಡಿಯವರು ನನ್ನನ್ನು ದೊಡ್ಡ ಮೆಕ್ಯಾನಿಕ್ ಅಂದುಕೊಂಡರು.

ಈಗ ಟ್ರಿಮ್ ಐಡ್ಲಿಂಗ್‌ನಲ್ಲಿ ಪ್ಲಸ್ 3, ಓಡುವಾಗ ಮೈನಸ್ 2. ನಿನ್ನೆ ಆಗುಂಬೆ ಘಾಟಿ ಇಳಿದು ಮತ್ತೆ ಹತ್ತಿದೆ. ಹದಿನಾಲ್ಕು ತಿರುವಿನಲ್ಲಿ ಒಂದು ಸದ್ದಿಲ್ಲ. ಕೋತಿಗಳು ಕಟ್ಟೆ ಮೇಲೇ ಕೂತಿದ್ದವು.

ಟೈಮಿಂಗ್ ಬೆಲ್ಟ್, ವಾಟರ್ ಪಂಪ್ ಮುಂದಿನ ವಾರ ಮಾಡಿಸುತ್ತಿದ್ದೇನೆ, ಬೆಲ್ಟ್ ಕಡಿದರೆ ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತೆ ಅಂತ ಗ್ರೀಸ್ ಕೈ ಅಣ್ಣ ಫೋನಿನಲ್ಲಿ ಬೈದಿದ್ದಾರೆ. ಹಾಗೇ ಸುಮ್ಮನೆ ಬದಲಿಸಿದ ಹಳೆ ಏರ್ ಫ್ಲೋ ಸೆನ್ಸರನ್ನು ಗ್ಯಾರೇಜಿನಿಂದ ವಾಪಸ್ ಕೇಳಿ ತಂದು ಹಾಕಿ ನೋಡಿದೆ. ಅದೂ ಚೆನ್ನಾಗಿಯೇ ಓಡುತ್ತಿದೆ.


ಅಪ್ಪನ ಫಿಯೆಟ್

ಅಭಿನಂದನೆ! ಆ ಪ್ಶ್ಶ್ ವಾಲ್ವ್ ಮಾರುತ್ತೀರಾ? ಪದ್ಮಿನಿಗೆ ಟರ್ಬೊ ಇಲ್ಲ, ಆದರೂ ಕೇಳಿದೆ.


ತೀರ್ಥಹಳ್ಳಿ ಟರ್ಬೊ

ಇಲ್ಲ ಸರ್, ಮಗ ಅದನ್ನು ತನ್ನ ಸೈಕಲ್ ಹ್ಯಾಂಡಲ್‌ಗೆ ಕಟ್ಟಿಕೊಂಡಿದ್ದಾನೆ. ಬ್ರೇಕ್ ಹಿಡಿದಾಗಲೆಲ್ಲ ಬಾಯಲ್ಲೇ ಪ್ಶ್ಶ್ ಅನ್ನುತ್ತಾನೆ.